ಮಗುವಿಗೆ ಯಾವ ವೀಡಿಯೊ ಗೇಮ್ ಕೊಡೋಣ? ಕಾಸರಗೋಡಿನ ಅಪ್ಪ-ಅಮ್ಮಂದಿರಿಗೊಂದು ಸಮಗ್ರ ಮಾರ್ಗದರ್ಶಿ

ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಎಲ್ಲಿ ಹೋದರೂ ಮಕ್ಕಳ ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ: "ಈ ಗೇಮ್ ಒಳ್ಳೆಯದಾ, ಕೆಟ್ಟದ್ದಾ?" 2020ರಲ್ಲಿ ಆನ್‌ಲೈನ್ ಪಾಠಕ್ಕೆಂದು ಫೋನ್ ಮಕ್ಕಳ ಕೈಗೆ ಹೋಯಿತು. ಶಾಲೆ ತೆರೆದ ಮೇಲೂ ಎಷ್ಟೋ ಮನೆಗಳಲ್ಲಿ ಅದು ವಾಪಸ್ ಬರಲಿಲ್ಲ. ಹಾಗಾಗಿ ಈ ಪ್ರಶ್ನೆ ಈಗ ಪೇಟೆಯಲ್ಲೂ ಇದೆ, ಅಡಿಕೆ ತೋಟದ ನಡುವಿನ ಮನೆಯಲ್ಲೂ ಇದೆ.

ಆದರೆ ಒಳ್ಳೆಯದು, ಕೆಟ್ಟದ್ದು ಅಂತ ಎರಡೇ ಪಾಲು ಮಾಡಿದರೆ ಪ್ರಯೋಜನವಿಲ್ಲ. ರಕ್ತ, ಗುಂಡಿನ ಸದ್ದು ಇದ್ದರೆ ನಿಮಗೆ ಕೂಡಲೇ ಗೊತ್ತಾಗುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗದ ಮೂರು ವಿಷಯಗಳಿವೆ. ಆಟ ಎಲ್ಲಿ ಮುಗಿಯುತ್ತದೆ? ಆಟದೊಳಗೆ ನಮ್ಮ ಮಗುವಿನ ಜೊತೆ ಯಾರು ಮಾತಾಡಬಹುದು? ದುಡ್ಡು ಯಾವ ಹೊತ್ತಿನಲ್ಲಿ, ಹೇಗೆ ಕೇಳುತ್ತದೆ? ಈ ಮೂರಕ್ಕೆ ಉತ್ತರ ಹುಡುಕುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಇದಕ್ಕೆ ಕಂಪ್ಯೂಟರ್ ಕಲಿತಿರಬೇಕೆಂದಿಲ್ಲ. ವಾಟ್ಸಾಪ್ ನೋಡಲು ಗೊತ್ತಿದ್ದರೆ ಸಾಕು.

1. ಗೇಮ್ ನೋಡುವ ಮೊದಲು ಮಗುವನ್ನು ನೋಡಿ

ಒಂದೇ ತರಗತಿಯ ಇಬ್ಬರು ಮಕ್ಕಳಿಗೆ ಒಂದೇ ಗೇಮ್ ಹೊಂದಬೇಕೆಂದಿಲ್ಲ. ಒಬ್ಬ ಸೋತರೆ "ಇನ್ನೊಮ್ಮೆ ನೋಡುವ" ಅಂತ ನಗುತ್ತಾನೆ. ಇನ್ನೊಬ್ಬ ಫೋನ್ ಎಸೆಯುತ್ತಾನೆ. ಎರಡನೆಯವನಿಗೆ ಅಪರಿಚಿತರ ಜೊತೆ ಸ್ಪರ್ಧೆ ಮಾಡುವ ಗೇಮ್ ಸದ್ಯಕ್ಕೆ ಬೇಡ. ರಾತ್ರಿ ಹೆದರಿ ಏಳುವ ಮಗುವಿಗೆ ಕತ್ತಲೆ, ದೆವ್ವದ ಗೇಮ್ ಬೇಡ, ವಯಸ್ಸು ಸರಿಯಿದ್ದರೂ ಬೇಡ. ಚಿತ್ರ ಬಿಡಿಸುವ ಮಗುವಿಗೆ ಏನಾದರೂ ಕಟ್ಟುವ ಗೇಮ್ ಬೇಗ ಹಿಡಿಸುತ್ತದೆ.

ಮಗುವನ್ನೇ ಕೇಳಿ: "ಯಾವ ಗೇಮ್ ಬೇಕು? ಅದರಲ್ಲಿ ಏನು ಇಷ್ಟ?" ಎರಡನೆಯ ಪ್ರಶ್ನೆಯ ಉತ್ತರವೇ ಮುಖ್ಯ. "ಕ್ಲಾಸಿನಲ್ಲಿ ಎಲ್ಲರೂ ಆಡುತ್ತಾರೆ" ಅಂದರೆ ಅವನಿಗೆ ಬೇಕಾಗಿರುವುದು ಗೆಳೆಯರ ಜೊತೆ. "ಗಾಡಿ ಓಡಿಸಬಹುದು" ಅಂದರೆ ಬೇಕಾಗಿರುವುದು ಗಾಡಿ, ಅದನ್ನು ಬೇರೆ ಎಷ್ಟೋ ಗೇಮ್‌ಗಳೂ ಕೊಡುತ್ತವೆ.

ಐದು ವರ್ಷದ ಒಳಗಿನ ಮಕ್ಕಳ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತದ ಮಕ್ಕಳ ವೈದ್ಯರ ಸಂಘ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತದೆ. ಅದೂ ದೊಡ್ಡವರು ಪಕ್ಕದಲ್ಲಿ ಕೂತಾಗ. ಊಟ ಮಾಡಿಸಲು ಫೋನ್ ಕೊಡುವುದು ಈ ಲೆಕ್ಕದ ಹೊರಗಲ್ಲ.

2. ವಯಸ್ಸಿನ ಅಂಕಿ ಓದಲು ಕಲಿಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ

ಪ್ಲೇ ಸ್ಟೋರ್‌ನಲ್ಲಿ ಯಾವುದೇ ಗೇಮ್ ತೆರೆದರೂ ಹೆಸರಿನ ಕೆಳಗೆ 3+, 7+, 12+, 16+, 18+ ಇವುಗಳಲ್ಲಿ ಒಂದು ಅಂಕಿ ಕಾಣುತ್ತದೆ. ಇದನ್ನು ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯ ಮೂಲಕ ಕೊಡುತ್ತಾರೆ. ಪ್ಲೇ ಸ್ಟೋರ್ ಇದನ್ನು 2015ರಿಂದ ಬಳಸುತ್ತಿದೆ. ಗೇಮ್ ಮಾಡಿದವರು ಒಂದು ಪ್ರಶ್ನಾವಳಿಗೆ ಉತ್ತರ ತುಂಬುತ್ತಾರೆ, ಅದರ ಮೇಲೆ ಅಂಕಿ ಬರುತ್ತದೆ. ಯುರೋಪಿನಲ್ಲಿ ಗೇಮ್‌ಗಳಿಗೆ ವಯಸ್ಸು ಗೊತ್ತುಮಾಡುವ ಪೆಗಿ ಎಂಬ ವ್ಯವಸ್ಥೆ 2003ರಿಂದ ಇದೆ, ಅಲ್ಲೂ ಇದೇ ಅಂಕಿಗಳು. ಅಮೆರಿಕದ ಇಎಸ್‌ಆರ್‌ಬಿ 1994ರಲ್ಲಿ ಶುರುವಾಯಿತು, ಅದು ಅಂಕಿಗಿಂತ ಅಕ್ಷರ ಬಳಸುತ್ತದೆ: 'ಇ' ಅಂದರೆ ಎಲ್ಲರಿಗೆ, 'ಟಿ' ಅಂದರೆ 13ರಿಂದ ಮೇಲೆ, 'ಎಂ' ಅಂದರೆ 17ರಿಂದ ಮೇಲೆ. ಗಲ್ಫಿನಿಂದ ತಂದ ಪ್ಲೇಸ್ಟೇಷನ್ ಡಿಸ್ಕ್‌ಗಳ ಪೆಟ್ಟಿಗೆಯ ಮೇಲೂ ವಯಸ್ಸು ಬರೆದಿರುತ್ತದೆ, ತಿರುಗಿಸಿ ನೋಡಿ.

ಈ ಅಂಕಿ ಹೇಳುವುದು ಮುಖ್ಯವಾಗಿ ಒಳಗಿನ ದೃಶ್ಯ, ಮಾತು, ಹಿಂಸೆಯ ಬಗ್ಗೆ. ಗೇಮ್ ಎಷ್ಟು ಕಷ್ಟ, ಎಷ್ಟು ಹೊತ್ತು ತಿನ್ನುತ್ತದೆ, ಮಗುವಿನ ಜೊತೆ ಯಾರು ಮಾತಾಡುತ್ತಾರೆ ಎಂಬುದನ್ನು ಅದು ಹೇಳುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಇಎ ಸ್ಪೋರ್ಟ್ಸ್ ಎಫ್‌ಸಿ 24 ಫುಟ್ಬಾಲ್ ಗೇಮ್. ಪೆಗಿ ಪ್ರಕಾರ ಅದು 3 ವರ್ಷದ ಮಗುವಿಗೂ ಆಗುತ್ತದೆ. ಫುಟ್ಬಾಲ್ ತಾನೇ, ಯಾರಿಗೆ ತೊಂದರೆ? ಆದರೆ ಅದರಲ್ಲಿ ಅಲ್ಟಿಮೇಟ್ ಟೀಮ್ ಎಂಬ ಭಾಗವಿದೆ. ಅಲ್ಲಿ ದುಡ್ಡು ಕೊಟ್ಟು ಪ್ಯಾಕ್ ಕೊಳ್ಳಬಹುದು, ಒಳಗೆ ಯಾವ ಆಟಗಾರ ಬರುತ್ತಾನೆಂದು ತೆರೆಯುವ ತನಕ ಗೊತ್ತಾಗುವುದಿಲ್ಲ. ಇಂಥ ಲೂಟ್ ಬಾಕ್ಸ್ ಜೂಜಿಗೆ ಸಮ ಎಂದು ಬೆಲ್ಜಿಯಂ 2018ರಲ್ಲಿ ತೀರ್ಮಾನಿಸಿತು. ಆಮೇಲೆ ಕಂಪನಿ ಅಲ್ಲಿ ಆ ಮಾರಾಟ ನಿಲ್ಲಿಸಿತು. ಮೊಗ್ರಾಲ್ ಕಡೆಯ ಫುಟ್ಬಾಲ್ ಹುಚ್ಚಿನ ಹುಡುಗ ಈ ಗೇಮ್ ಕೇಳಿದರೆ ಬೇಡ ಎನ್ನಬೇಕಾಗಿಲ್ಲ. ಅಣ್ಣ-ತಮ್ಮ ಕೂತು ಒಂದು ಪಂದ್ಯ ಆಡುವುದು ಚೆಂದವೇ. ಪ್ಯಾಕ್ ಕೊಳ್ಳುವ ಬಾಗಿಲು ಮಾತ್ರ ಮುಚ್ಚಿರಲಿ.

ಇನ್ನೊಂದು ಕಡೆ ಅಂಕಿಗೆ ಸೀದಾ ತಲೆಬಾಗಬೇಕು. ಗ್ರ್ಯಾಂಡ್ ಥೆಫ್ಟ್ ಆಟೋ, ಅಂದರೆ ಮಕ್ಕಳು ಜಿಟಿಎ ಅನ್ನುವುದು, 18+. ಐದನೇ ಕ್ಲಾಸಿನ ಮಕ್ಕಳೂ ಅದರ ಬಗ್ಗೆ ಮಾತಾಡುತ್ತಾರೆ. "ಸುಮ್ನೆ ಕಾರ್ ಓಡಿಸುವುದು ಅಮ್ಮ" ಅನ್ನುತ್ತಾರೆ. ಅದರ ಕಥೆಯಲ್ಲಿ ಚಿತ್ರಹಿಂಸೆ ಇದೆ, ಲೈಂಗಿಕ ದೃಶ್ಯ ಇದೆ. ಹದಿನೆಂಟು ಎಂದು ಬರೆದದ್ದಕ್ಕೆ ಕಾರಣ ಇದೆ.

3. ಇನ್‌ಸ್ಟಾಲ್ ಒತ್ತುವ ಮೊದಲು ಪ್ಲೇ ಸ್ಟೋರ್ ಪುಟವನ್ನು ಪೂರ್ತಿ ಓದಿ

ಹೆಸರು, ಚಿತ್ರ, ನಕ್ಷತ್ರ ನೋಡಿ ನಾವು ಇನ್‌ಸ್ಟಾಲ್ ಒತ್ತಿಬಿಡುತ್ತೇವೆ. ಐದು ನಿಮಿಷ ತಡೆಯಿರಿ.

ಮೊದಲು ಗೇಮ್ ಹೆಸರಿನ ಕೆಳಗಿನ ಸಣ್ಣ ಅಕ್ಷರ ನೋಡಿ. ಜಾಹೀರಾತು ಇದೆ, ಆ್ಯಪ್ ಒಳಗೆ ಖರೀದಿ ಇದೆ ಎಂಬ ಎರಡು ಮಾತು ಅಲ್ಲಿರುತ್ತವೆ. ಎರಡೂ ಇಲ್ಲದಿದ್ದರೆ ಅರ್ಧ ಚಿಂತೆ ಕಡಿಮೆ. ಆಮೇಲೆ 'ಈ ಗೇಮ್ ಬಗ್ಗೆ' ಎಂಬಲ್ಲಿ ಒತ್ತಿ ಕೆಳಗೆ ಇಳಿಯಿರಿ. ಖರೀದಿ ಒಂದಕ್ಕೆ ಎಷ್ಟು ರೂಪಾಯಿಯಿಂದ ಎಷ್ಟು ರೂಪಾಯಿವರೆಗೆ ಎಂದು ಅಲ್ಲಿ ಬರೆದಿರುತ್ತದೆ. ಮೇಲಿನ ಅಂಕಿ ಸಾವಿರಗಳಲ್ಲಿದ್ದರೆ ಅದು ಮಕ್ಕಳ ಪಾಕೆಟ್ ಮನಿ ನೋಡಿ ಮಾಡಿದ ಗೇಮ್ ಅಲ್ಲ. ವಯಸ್ಸಿನ ಅಂಕಿಯ ಮೇಲೆ ಒತ್ತಿದರೆ ಅದಕ್ಕೆ ಕಾರಣವೂ ಕಾಣುತ್ತದೆ: ಹಿಂಸೆ, ಕೆಟ್ಟ ಮಾತು, ಬಳಕೆದಾರರ ನಡುವೆ ಮಾತುಕತೆ. ಕೊನೆಯದು ಕಂಡರೆ ಅಲ್ಲಿ ಚಾಟ್ ಇದೆ ಎಂದರ್ಥ.

ಅಭಿಪ್ರಾಯಗಳಲ್ಲಿ ಐದು ನಕ್ಷತ್ರದವರನ್ನು ಬಿಟ್ಟು ಒಂದು ನಕ್ಷತ್ರ ಕೊಟ್ಟವರನ್ನು ಓದಿ. "ಆ್ಯಡ್ ಜಾಸ್ತಿ", "ದುಡ್ಡು ಹಾಕದೆ ಗೆಲ್ಲಲು ಆಗುವುದಿಲ್ಲ", "ನನ್ನ ಮಗುವಿಗೆ ಯಾರೋ ಮೆಸೇಜ್ ಮಾಡಿದರು". ಇದೇ ಮಾತು ಮತ್ತೆ ಮತ್ತೆ ಬಂದರೆ ಗೇಮ್ ಬಿಡಿ.

ಮಕ್ಕಳು ಕೇಳುವ ಹೆಸರಿಗೂ ಸಿಗುವ ಗೇಮ್‌ಗೂ ವ್ಯತ್ಯಾಸ ಇರುತ್ತದೆ. ಗುಂಡು ಹಾರಿಸುವ ಗೇಮ್ ಪಬ್ಜಿ ಮೊಬೈಲ್ ಅನ್ನು ಸರಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ಅದರ ಜಾಗದಲ್ಲಿ 2021ರಲ್ಲಿ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಬಂತು. ಅಂಥದ್ದೇ ಗೇಮ್ ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಷೇಧವಾಯಿತು, ಆದರೆ ಫ್ರೀ ಫೈರ್ ಮ್ಯಾಕ್ಸ್ ಪ್ಲೇ ಸ್ಟೋರ್‌ನಲ್ಲಿ ಉಳಿಯಿತು. ಮಕ್ಕಳು ಎಲ್ಲವನ್ನೂ ಪಬ್ಜಿ, ಫ್ರೀ ಫೈರ್ ಎಂದೇ ಕರೆಯುತ್ತಾರೆ. ಸ್ಟೋರ್‌ನಲ್ಲಿ ಸಿಗದ ಗೇಮ್ ಅನ್ನು ಗೆಳೆಯನ ಫೋನಿನಿಂದ ಎಪಿಕೆ ಫೈಲ್ (ಸ್ಟೋರ್ ಇಲ್ಲದೆ ಸೀದಾ ಹಾಕುವ ಆ್ಯಪ್ ಫೈಲ್) ಆಗಿ ತಂದು ಹಾಕಿಕೊಂಡರೆ ಮಾತ್ರ ಕೂಡಲೇ ತೆಗೆಸಿ. ಅಂಥ ಫೈಲಿನೊಳಗೆ ಬೇರೆ ಏನು ಸೇರಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕಿನ ಓಟಿಪಿಯೂ ಬರುತ್ತದೆ.

4. ಆಟ ಎಲ್ಲಿ ಮುಗಿಯುತ್ತದೆ ಎಂದು ನೋಡಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯ ಜೊತೆ ಚೆನ್ನೆಮಣೆ ಆಡಿದವರಿಗೆ ಗೊತ್ತು: ಕಾಯಿ ಖಾಲಿಯಾದರೆ ಆಟ ಮುಗಿಯಿತು. ಮಣೆ ಒಳಗಿಡುವುದೇ. ಎಷ್ಟೋ ಮೊಬೈಲ್ ಗೇಮ್‌ಗಳಿಗೆ ಇಂಥ ಕೊನೆಯೇ ಇಲ್ಲ. ಇರಬಾರದು ಎಂದೇ ಹಾಗೆ ಮಾಡಿರುತ್ತಾರೆ.

ಮುಗಿಯದ ಗೇಮ್‌ಗಳಲ್ಲಿ ಕೆಲವು ಬಗೆಗಳಿವೆ. ಸಬ್‌ವೇ ಸರ್ಫರ್ಸ್‌ನಂಥದ್ದು ಓಡುತ್ತಲೇ ಇರುತ್ತದೆ, ಬಿದ್ದರೆ ಮತ್ತೆ ಮೊದಲಿಂದ. ಕ್ಯಾಂಡಿ ಕ್ರಷ್‌ನಂಥದ್ದು ಐದು ಜೀವ ಕೊಡುತ್ತದೆ, ಅವು ಮುಗಿದರೆ ಒಂದೊಂದಕ್ಕೆ ಅರ್ಧ ಗಂಟೆ ಕಾಯಿಸುತ್ತದೆ, ಕಾಯಲಾರದವರಿಗೆ ದುಡ್ಡಿನ ದಾರಿ ತೋರಿಸುತ್ತದೆ. ಇನ್ನು ಕೆಲವು "ದಿನಾ ಬಂದರೆ ಬಹುಮಾನ" ಅನ್ನುತ್ತವೆ. ಏಳು ದಿನ ಬಿಡದೆ ಬಂದರೆ ದೊಡ್ಡ ಬಹುಮಾನ, ಒಂದು ದಿನ ತಪ್ಪಿದರೆ ಎಲ್ಲ ಮೊದಲಿಂದ. ಓಣಂ ಪರೀಕ್ಷೆಯ ಹಿಂದಿನ ರಾತ್ರಿಯೂ ಮಗು "ಎರಡು ನಿಮಿಷ ಅಷ್ಟೇ" ಎಂದು ಫೋನ್ ಕೇಳುವುದಕ್ಕೆ ಇದು ಕಾರಣ. ಅವನಿಗೆ ಹಟ ಜಾಸ್ತಿಯಾಗಿದೆ ಎಂದುಕೊಳ್ಳುತ್ತೇವೆ. ಗೇಮ್ ಅವನನ್ನು ಕರೆಯುತ್ತಿದೆ.

ಪರೀಕ್ಷಿಸುವುದು ಸುಲಭ. ಹತ್ತು ನಿಮಿಷ ಆಡಿ ನಿಲ್ಲಿಸಿ. ನಿಲ್ಲಿಸುವಾಗ ಏನನ್ನಾದರೂ ಕಳೆದುಕೊಳ್ಳುತ್ತೀರಾ? ಮರುದಿನ ಫೋನಿಗೆ "ಬಾ, ನಿನಗೆ ಬಹುಮಾನ ಕಾದಿದೆ" ಎಂಬ ನೋಟಿಫಿಕೇಶನ್ ಬಂತಾ? ಎರಡಕ್ಕೂ ಹೌದು ಎಂದಾದರೆ ಅದು ಸಣ್ಣ ಮಕ್ಕಳಿಗೆ ಬೇಡ.

ಮುಗಿಯುವ ಗೇಮ್‌ಗಳು ಬೇಕಾದಷ್ಟು ಇವೆ, ಜಾಹೀರಾತಿನಲ್ಲಿ ಕಾಣುವುದಿಲ್ಲ ಅಷ್ಟೆ. ಮಾನ್ಯುಮೆಂಟ್ ವ್ಯಾಲಿಯಲ್ಲಿ ಒಂದು ಪುಟ್ಟ ಹುಡುಗಿಯನ್ನು ಕಣ್ಣಿಗೆ ಮೋಸ ಮಾಡುವ ಮೆಟ್ಟಿಲುಗಳ ಮೇಲೆ ನಡೆಸಬೇಕು. ಕೆಲವೇ ಗಂಟೆಗಳಲ್ಲಿ ಕಥೆ ಮುಗಿಯುತ್ತದೆ. ಮಿನಿ ಮೆಟ್ರೋದಲ್ಲಿ ಊರಿಗೆ ರೈಲು ದಾರಿ ಎಳೆಯಬೇಕು, ಜನ ತುಂಬಿ ನಿಲ್ದಾಣ ಉಕ್ಕಿದರೆ ಆಟ ಮುಗಿಯಿತು. ಎರಡಕ್ಕೂ ಮೊದಲೇ ಸ್ವಲ್ಪ ದುಡ್ಡು ಕೊಡಬೇಕಾದೀತು. ಕೊಡಿ. ಒಮ್ಮೆ ದುಡ್ಡು ಪಡೆದು ಸುಮ್ಮನಿರುವ ಗೇಮ್, ಪುಕ್ಕಟೆ ಬಂದು ದಿನಾ ಕೈ ಚಾಚುವ ಗೇಮ್‌ಗಿಂತ ಅಗ್ಗ.

5. ಆಟದೊಳಗೆ ಯಾರು ಮಾತಾಡುತ್ತಾರೆ ಎಂದು ತಿಳಿಯಿರಿ

ಪೆರ್ಲದ ಹತ್ತಿರದ ಒಂದು ಮನೆಯಲ್ಲಿ ನೋಡಿದ್ದು ಇದು. ಏಳನೇ ಕ್ಲಾಸಿನ ಹುಡುಗ ಚಾವಡಿಯ ತುದಿಯಲ್ಲಿ, ನೆಟ್‌ವರ್ಕ್ ಸಿಗುವ ಒಂದೇ ಮೂಲೆಯಲ್ಲಿ, ಇಯರ್‌ಫೋನ್ ಸಿಕ್ಕಿಸಿ ಕೂತಿದ್ದ. ಅಮ್ಮ ಎರಡು ಮಾರು ದೂರದಲ್ಲಿ ಅಡಿಕೆ ಸುಲಿಯುತ್ತಿದ್ದರು. ಹುಡುಗ ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ತುಳು. ಗೇಮಿನಲ್ಲಿ ಅರ್ಧ ಮಲಯಾಳ, ಅರ್ಧ ಹಿಂದಿ. "ಎಡಾ, ವೇಗಂ ವಾ" (ಬೇಗ ಬಾರೋ) ಎಂದು ಕೂಗಿದ. ಆ ಕಡೆಯವನು ಏನೋ ಹೇಳಿದ, ಹುಡುಗ ಮುಖ ಸಣ್ಣ ಮಾಡಿದ. ಅಮ್ಮ ಕೇಳಿದರು, "ಯಾರು ಮಗಾ ಅದು?" "ಫ್ರೆಂಡ್." "ಯಾವ ಊರಿನವ?" ಗೊತ್ತಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. ಗೇಮಿನಲ್ಲಿ ಇಟ್ಟುಕೊಂಡ ಹೆಸರು ಮಾತ್ರ ಗೊತ್ತಿತ್ತು. ಅಮ್ಮನಿಗೆ ಮಲಯಾಳ ಚೆನ್ನಾಗಿ ಬರುತ್ತದೆ. ಆದರೆ ಇಯರ್‌ಫೋನಿನ ಒಳಗಿನ ಮಾತು ಅವರಿಗೆ ಕೇಳಿಸುವುದು ಹೇಗೆ?

ಹಾಗಾಗಿ ಮೊದಲ ನಿಯಮ ಇದು: ಮಾತಾಡುವ ಗೇಮ್ ಆಡುವಾಗ ಇಯರ್‌ಫೋನ್ ಬೇಡ, ಸ್ಪೀಕರ್ ಇರಲಿ. ಸದ್ದು ನಮಗೆ ಕಿರಿಕಿರಿ, ಒಪ್ಪುತ್ತೇನೆ. ಆದರೂ ಇರಲಿ.

ಎರಡನೆಯದು, ಗೇಮ್ ತೆರೆದು ಸೆಟ್ಟಿಂಗ್ಸ್‌ಗೆ ಹೋಗಿ. ವಾಯ್ಸ್ ಚಾಟ್, ಬರವಣಿಗೆಯ ಚಾಟ್, ಫ್ರೆಂಡ್ ರಿಕ್ವೆಸ್ಟ್ ಈ ಮೂರನ್ನು ಹುಡುಕಿ. ಹತ್ತು-ಹನ್ನೊಂದು ವರ್ಷದವರೆಗೆ ಮೂರನ್ನೂ ಮುಚ್ಚಿ. ಮುಚ್ಚಲು ಆಗದ ಗೇಮ್ ಆದರೆ ಆ ವಯಸ್ಸಿಗೆ ಬೇಡ. ದೊಡ್ಡ ಮಕ್ಕಳಿಗೆ ನೀವು ಮುಖ ನೋಡಿ ಗುರುತಿಸಬಲ್ಲ ಗೆಳೆಯರು ಮಾತ್ರ ಇರಲಿ. ಕ್ಲಾಸಿನವರು, ನೆರೆಮನೆಯವರು, ಮಾವನ ಮಗ.

ಮೂರನೆಯದು ಮಗುವಿಗೆ ಹೇಳಿಕೊಡಬೇಕಾದ ಮಾತು. ನಿಜ ಹೆಸರು, ಶಾಲೆ, ಊರು, ಫೋಟೋ, ಫೋನ್ ನಂಬರ್ ಯಾರಿಗೂ ಕೊಡಬಾರದು. ಗೇಮಿನಲ್ಲಿ ಸಿಕ್ಕವರು "ವಾಟ್ಸಾಪ್‌ಗೆ ಬಾ", "ಇನ್‌ಸ್ಟಾಗ್ರಾಂನಲ್ಲಿ ಮಾತಾಡೋಣ", "ನಿನಗೆ ಡೈಮಂಡ್ (ಗೇಮಿನೊಳಗಿನ ದುಡ್ಡು) ಕಳಿಸುತ್ತೇನೆ, ಮನೆಯಲ್ಲಿ ಹೇಳಬೇಡ" ಅಂದರೆ ಅಲ್ಲಿಗೆ ನಿಲ್ಲಿಸಿ ನಿಮ್ಮ ಹತ್ತಿರ ಬರಬೇಕು. ಇದರ ಜೊತೆಗೆ ನೀವೊಂದು ಮಾತು ಕೊಡಬೇಕು: "ನೀನು ಬಂದು ಹೇಳಿದರೆ ನಾನು ಫೋನ್ ಕಿತ್ತುಕೊಳ್ಳುವುದಿಲ್ಲ." ಫೋನ್ ಹೋಗುತ್ತದೆಂಬ ಹೆದರಿಕೆಯಿಂದಲೇ ಮಕ್ಕಳು ಇಂಥದ್ದನ್ನು ಬಾಯಿ ಬಿಡುವುದಿಲ್ಲ. ಕೊಟ್ಟ ಮಾತು ತಪ್ಪಬೇಡಿ.

ರೋಬ್ಲಾಕ್ಸ್ ಬಗ್ಗೆ ಬೇರೆಯೇ ಹೇಳಬೇಕು. ಅದು ಒಂದು ಗೇಮ್ ಅಲ್ಲ. ಜಾತ್ರೆಯ ಸಂತೆಯ ಹಾಗೆ, ಯಾರು ಬೇಕಾದರೂ ಅಂಗಡಿ ಇಡಬಹುದು: ಒಂದರಲ್ಲಿ ಬೆಕ್ಕು ಸಾಕುವ ಆಟ, ಪಕ್ಕದಲ್ಲೇ ಹೆದರಿಸುವ ಆಟ. ಹಾಗಾಗಿ "ರೋಬ್ಲಾಕ್ಸ್ ಆಡಲಾ?" ಎಂದು ಕೇಳಿದರೆ "ಅದರಲ್ಲಿ ಯಾವುದು?" ಎಂದು ಕೇಳಿ. ಅಪ್ಪ-ಅಮ್ಮನ ಅಕೌಂಟನ್ನು ಮಗುವಿನ ಅಕೌಂಟಿಗೆ ಜೋಡಿಸುವ ಸೌಲಭ್ಯ ಅದರಲ್ಲಿದೆ. ಜೋಡಿಸದೆ ಕೊಡಬೇಡಿ. ಮಗು ಅಕೌಂಟ್ ಮಾಡುವಾಗ ಹುಟ್ಟಿದ ವರ್ಷ ಸುಳ್ಳು ಹಾಕಿದೆಯಾ ಎಂದೂ ನೋಡಿ. ಸುಳ್ಳು ವರ್ಷ ಹಾಕಿದರೆ ಮಕ್ಕಳಿಗೆಂದು ಇಟ್ಟ ಕಾವಲು ತಪ್ಪಿಹೋಗಬಹುದು.

6. ದುಡ್ಡಿನ ದಾರಿ ಮೊದಲೇ ಮುಚ್ಚಿ

ನಮ್ಮಲ್ಲಿ ಅಜ್ಜನಿಗೆ ಜೀಪೇ ಮಾಡಿಕೊಡುವವನು ಮೊಮ್ಮಗನೇ. ರೇಷನ್ ಅಂಗಡಿ ಎದುರು, ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲ ಕಡೆ. ಅಂದರೆ ಅವನಿಗೆ ಯುಪಿಐ ಪಿನ್ ಗೊತ್ತು. ಮೊದಲ ಕೆಲಸ ಪಿನ್ ಬದಲಿಸುವುದು.

ಗೇಮ್‌ಗಳು ರೂಪಾಯಿಯಲ್ಲಿ ಬೆಲೆ ಹೇಳುವುದು ಕಡಿಮೆ. ಡೈಮಂಡ್, ಯುಸಿ, ಕಾಯಿನ್, ರೋಬಕ್ಸ್ ಎಂದು ಬೇರೆ ಲೆಕ್ಕ ಇರುತ್ತದೆ. "ಈ ಬಟ್ಟೆಗೆ 500 ಡೈಮಂಡ್" ಅಂದರೆ ಮಗುವಿಗೆ ಅದು ದುಡ್ಡು ಎಂದು ಅನಿಸುವುದೇ ಇಲ್ಲ. ಮಗುವಿನ ಜೊತೆ ಕೂತು ಲೆಕ್ಕ ಮಾಡಿ: ನೂರು ರೂಪಾಯಿಗೆ ಎಷ್ಟು ಡೈಮಂಡ್? ಹಾಗಾದರೆ ಆ ಬಟ್ಟೆಗೆ ಎಷ್ಟು ರೂಪಾಯಿ? ಆ ದುಡ್ಡಿಗೆ ಎಷ್ಟು ಕಿಲೋ ಅಕ್ಕಿ? ಗದರುವುದಕ್ಕಿಂತ ಈ ಲೆಕ್ಕ ಜಾಸ್ತಿ ಕೆಲಸ ಮಾಡುತ್ತದೆ. ಆ ಬಟ್ಟೆ, ಅಂದರೆ ಸ್ಕಿನ್, ಗೆಲ್ಲಲು ಬೇಕಾಗಿರುವುದಿಲ್ಲ. ಆದರೆ ಅದಿಲ್ಲದವನನ್ನು ಜೊತೆಯವರು "ನೂಬ್" (ಆಡಲು ಬಾರದವ) ಎಂದು ಗೇಲಿ ಮಾಡುತ್ತಾರೆ. ಮಗುವಿನ ಆಸೆಗಿಂತ ಅವಮಾನ ದೊಡ್ಡದು ಎಂಬುದನ್ನು ನಾವೂ ಅರ್ಥ ಮಾಡಿಕೊಳ್ಳಬೇಕು.

ಫೋನಿನಲ್ಲಿ ಮಾಡಬೇಕಾದ್ದು ಇಷ್ಟು. ಪ್ಲೇ ಸ್ಟೋರ್ ತೆರೆದು ಮೇಲಿನ ಪ್ರೊಫೈಲ್ ಚಿತ್ರ ಒತ್ತಿ. ಸೆಟ್ಟಿಂಗ್ಸ್ ಒಳಗೆ ಖರೀದಿಗೆ ದೃಢೀಕರಣ ಕೇಳುವ ಆಯ್ಕೆ ಇದೆ, ಪ್ರತಿ ಖರೀದಿಗೂ ಕೇಳುವಂತೆ ಇಡಿ. ಅದೇ ಪ್ರೊಫೈಲ್ ಒಳಗೆ ಪೇಮೆಂಟ್ ವಿಧಾನಗಳ ಪಟ್ಟಿಯಲ್ಲಿ ಕಾರ್ಡ್, ಯುಪಿಐ ಇದ್ದರೆ ತೆಗೆಯಿರಿ. ಬೆರಳಚ್ಚಿನಿಂದ ಫೋನ್ ತೆರೆಯುವ ಮನೆಗಳಲ್ಲಿ ಮಗುವಿನ ಬೆರಳೂ ಸೇರಿಸಿದ್ದರೆ ಅದನ್ನು ಅಳಿಸಿ.

ಗಲ್ಫಿನಿಂದ ಅಪ್ಪ ಕಳಿಸಿದ ಹಳೆಯ ಫೋನ್ ಆದರೆ ಇನ್ನೂ ಜಾಗ್ರತೆ. ಅದರಲ್ಲಿ ಅವರ ಅಕೌಂಟ್, ಅಲ್ಲಿನ ಕಾರ್ಡ್ ಹಾಗೇ ಉಳಿದಿರಬಹುದು. ಇಲ್ಲಿ ಮಗು ಒತ್ತಿದರೆ ಅಲ್ಲಿ ದಿರ್ಹಮ್ ಹೋಗುತ್ತದೆ, ತಿಂಗಳ ಕೊನೆಯವರೆಗೆ ಯಾರಿಗೂ ತಿಳಿಯದೇ ಇರಬಹುದು. ಫೋನ್ ಮಗುವಿನ ಕೈಗೆ ಕೊಡುವ ಮೊದಲು ಆ ಅಕೌಂಟ್ ತೆಗೆದು ಫೋನ್ ರೀಸೆಟ್ ಮಾಡಿಸಿ.

ದುಡ್ಡು ಪೂರ್ತಿ ನಿಷೇಧ ಮಾಡಬೇಕೆಂದಿಲ್ಲ. ವಿಷುವಿಗೆ ಕೈಗೆ ಬಂದ ದುಡ್ಡಿನಲ್ಲಿ ನೂರು ರೂಪಾಯಿಯ ಗೂಗಲ್ ಪ್ಲೇ ಕೋಡ್ ಕೊಳ್ಳಲಿ. ಮುಗಿದರೆ ಮುಗಿಯಿತು. ಕಾರ್ಡ್ ಜೋಡಿಸುವುದಕ್ಕಿಂತ ಇದು ಎಷ್ಟೋ ವಾಸಿ, ಖರ್ಚಿನ ಲೆಕ್ಕವೂ ಮಗುವಿಗೆ ಬರುತ್ತದೆ.

ಮಗು ಈಗಾಗಲೇ ಕೊಂಡುಬಿಟ್ಟಿದ್ದರೆ ಬೈಯುವುದನ್ನು ಆಮೇಲಕ್ಕಿಟ್ಟು ಮೊದಲು ಗೂಗಲ್ ಪ್ಲೇನಲ್ಲಿ ರೀಫಂಡ್ ಕೇಳಿ. 48 ಗಂಟೆಯೊಳಗೆ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. "ಪುಕ್ಕಟೆ ಡೈಮಂಡ್" ಲಿಂಕ್ ಒತ್ತಿ ಅಕೌಂಟಿನಿಂದ ದುಡ್ಡು ಹೋಗಿದ್ದರೆ ಅದು ವಂಚನೆ. ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ.

ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಗೇಮ್‌ಗಳ ವಿಷಯ ಬೇರೆ. ರಮ್ಮಿ, ಬಣ್ಣ ಹೇಳಿ ದುಡ್ಡು ಕಟ್ಟುವ ಆ್ಯಪ್, ಇವುಗಳಲ್ಲಿ ಆಯ್ಕೆ ಮಾಡಲು ಏನೂ ಇಲ್ಲ. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇಂಥವನ್ನು ದೇಶದಾದ್ಯಂತ ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆದರೂ ಟೆಲಿಗ್ರಾಂ ಲಿಂಕ್ ಮೂಲಕ ಬರುತ್ತವೆ. ಹೈಸ್ಕೂಲ್, ಪ್ಲಸ್ ಟು ಮಕ್ಕಳ ಫೋನಿನಲ್ಲಿ ಇದನ್ನು ಹುಡುಕಿ ನೋಡಿ.

7. ಅರ್ಧ ಗಂಟೆ ನೀವೇ ಆಡಿ

ಈ ಹೆಜ್ಜೆ ತಪ್ಪಿಸಬೇಡಿ. ಮೊದಲು ಯೂಟ್ಯೂಬಿನಲ್ಲಿ ಗೇಮಿನ ಹೆಸರು ಹಾಕಿ ಯಾರಾದರೂ ಆಡುವುದನ್ನು ಹತ್ತು ನಿಮಿಷ ನೋಡಿ. ಇಂಗ್ಲಿಷ್ ಓದಲು ಆಗುವುದಾದರೆ ಕಾಮನ್ ಸೆನ್ಸ್ ಮೀಡಿಯಾ ಎಂಬ ತಾಣದಲ್ಲಿ ಅಪ್ಪ-ಅಮ್ಮಂದಿರಿಗೆಂದೇ ಬರೆದ ವಿಮರ್ಶೆಗಳಿವೆ. ಆಮೇಲೆ ಇನ್‌ಸ್ಟಾಲ್ ಮಾಡಿ ಮಗು ಮಲಗಿದ ಮೇಲೆ ಆಡಿ. ಎಷ್ಟು ಸಲ ಆ್ಯಡ್ ಬಂತು, ಯಾವುದರದ್ದು, ಎಲ್ಲಿ ದುಡ್ಡು ಕೇಳಿತು, ಯಾರಾದರೂ ಮಾತಾಡಿಸಿದರಾ, ಇಷ್ಟು ಗಮನಿಸಿ. ಗೇಮ್ ಒಳ್ಳೆಯದಿದ್ದು ಆ್ಯಡ್ ಅಸಹ್ಯವಾಗಿರುವುದೂ ಉಂಟು.

ಇನ್ನೊಂದು ಸುಲಭ ಪರೀಕ್ಷೆ ಇದೆ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ಗೇಮ್ ತೆರೆಯಿರಿ. ನೆಟ್ ಇಲ್ಲದೆ ನಡೆದರೆ ತುಂಬಾ ಒಳ್ಳೆಯ ಲಕ್ಷಣ. ಆಗ ಚಾಟ್ ಇಲ್ಲ, ಖರೀದಿ ಇಲ್ಲ, ಹೊಸ ಆ್ಯಡ್ ಇಲ್ಲ. ಸಣ್ಣ ಮಕ್ಕಳಿಗೆ ಯಾವಾಗಲೂ ಫ್ಲೈಟ್ ಮೋಡ್‌ನಲ್ಲೇ ಕೊಡಿ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವ ನಮ್ಮ ಗುಡ್ಡದ ಮನೆಗಳಿಗೆ ಇದು ಹೇಗೂ ಹೊಂದುತ್ತದೆ.

ಮಗುವಿನ ಜೊತೆಗೂ ಆಡಿ. ಅವನು ಕಲಿಸಲಿ, ನೀವು ಸೋಲಿ. ಆಗ ಅವನು ತಾನಾಗಿ ಹೇಳುವ ಮಾತು ನೂರು ಪ್ರಶ್ನೆ ಕೇಳಿದರೂ ಬರುವುದಿಲ್ಲ.

8. ಎಲ್ಲಿಂದ ಶುರುಮಾಡಬಹುದು

ಐದರಿಂದ ಎಂಟು ವರ್ಷದವರಿಗೆ ಜಿಕಾಂಪ್ರಿಸ್, ಚಿತ್ರ ಬಿಡಿಸುವ ಟಕ್ಸ್ ಪೇಂಟ್. ಎರಡೂ ಪುಕ್ಕಟೆ, ಜಾಹೀರಾತಿಲ್ಲ, ಖರೀದಿ ಇಲ್ಲ. ಜಿಕಾಂಪ್ರಿಸ್‌ನಲ್ಲಿ ಎಣಿಸುವುದು, ಹೊಂದಿಸುವುದು, ಮೌಸ್ ಹಿಡಿಯುವುದು ಹೀಗೆ ನೂರಕ್ಕಿಂತ ಜಾಸ್ತಿ ಚಟುವಟಿಕೆಗಳಿವೆ.

ಎಂಟರಿಂದ ಹನ್ನೊಂದಕ್ಕೆ ಮೈನ್‌ಕ್ರಾಫ್ಟ್. ಕ್ರಿಯೇಟಿವ್ ಮೋಡ್‌ನಲ್ಲಿ ಹಾಕಿಕೊಟ್ಟರೆ ಮಕ್ಕಳು ಮನೆ, ಸೇತುವೆ, ದೇವಸ್ಥಾನ ಕಟ್ಟುತ್ತಾ ಕೂರುತ್ತಾರೆ. ಪೀಸ್‌ಫುಲ್ ಇಟ್ಟರೆ ರಾಕ್ಷಸರು ಬರುವುದಿಲ್ಲ. ಒಬ್ಬನೇ ನೆಟ್ ಇಲ್ಲದೆ ಆಡಬಹುದು. ಒಳಗೊಂದು ಅಂಗಡಿ ಇದೆ, ಅದರ ಕಡೆ ಹೋಗದಿದ್ದರೆ ಆಯಿತು. ಚೆಸ್ ಇಷ್ಟವಿದ್ದರೆ ಲಿಚೆಸ್ ಕೊಡಿ: ಪೂರ್ತಿ ಪುಕ್ಕಟೆ, ಜಾಹೀರಾತೇ ಇಲ್ಲ. ಅದರಲ್ಲಿ ಕಿಡ್ ಮೋಡ್ ಹಾಕಿದರೆ ಬೇರೆಯವರು ಮೆಸೇಜ್ ಮಾಡಲು ಆಗುವುದಿಲ್ಲ. ಇಷ್ಟು ಶುದ್ಧವಾಗಿ ಮಾಡಿದ ಆ್ಯಪ್‌ಗಳು ಅಪರೂಪ.

ಹನ್ನೊಂದರ ಮೇಲೆ ಸ್ಟಾರ್ಡ್ಯೂ ವ್ಯಾಲಿ. ಬಿತ್ತುವುದು, ನೀರು ಬಿಡುವುದು, ಕೋಳಿ ಸಾಕುವುದು, ಊರಿನವರ ಸ್ನೇಹ. ತೋಟದ ಮನೆಯ ಮಕ್ಕಳಿಗೆ ಬೇಗ ಹತ್ತಿರವಾಗುತ್ತದೆ. ಊರಿನಲ್ಲೊಂದು ಬಾರ್ ಇದೆ ಎಂಬುದು ಗೊತ್ತಿರಲಿ. ಇದೇ ವಯಸ್ಸಿನಲ್ಲಿ ಸ್ಕ್ರ್ಯಾಚ್ ತೋರಿಸಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟ ಈ ಸಾಧನದಲ್ಲಿ ಮಕ್ಕಳೇ ಗೇಮ್ ಮಾಡಬಹುದು. ಕೇರಳದ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಘಟಕಗಳಿವೆ, ಅಲ್ಲಿ ಪ್ರೋಗ್ರಾಮಿಂಗ್, ಆ್ಯನಿಮೇಶನ್ ಕಲಿಸುತ್ತಾರೆ. ಎಂಟನೇ ಕ್ಲಾಸಿಗೆ ಬರುವ ಮಗುವಿಗೆ ಗೇಮ್ ಹುಚ್ಚಿದ್ದರೆ ಆ ಘಟಕದ ಪರೀಕ್ಷೆ ಬರೆಸಿ.

ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್ ಹೈಸ್ಕೂಲಿಗಿಂತ ಮೊದಲು ಬೇಡ ಎಂಬುದು ನನ್ನ ಅಭಿಪ್ರಾಯ. ಗುಂಡಿಗಿಂತಲೂ ಅಪರಿಚಿತರ ಮಾತು, ಸ್ಕಿನ್ ವ್ಯಾಪಾರ ಇದಕ್ಕೆ ಕಾರಣ. ಕೊಡುವುದಾದರೆ ಸ್ಪೀಕರ್ ನಿಯಮದ ಜೊತೆಗೆ ಕೊಡಿ.

ಟಿವಿಗೆ ಜೋಡಿಸುವ ಪ್ಲೇಸ್ಟೇಷನ್ ಇದ್ದರೆ ಫೋನಿಗಿಂತ ಅದೇ ಒಳ್ಳೆಯದು. ಹಾಲಿನಲ್ಲಿ ಎಲ್ಲರ ಕಣ್ಣೆದುರು ಇರುತ್ತದೆ, ತಂಗಿಗೂ ಒಂದು ಪಾಳಿ ಸಿಗುತ್ತದೆ.

9. ಫೋನ್ ಕೊಡುವಾಗ, ವಾಪಸ್ ತೆಗೆಯುವಾಗ

13ರೊಳಗಿನ ಮಗುವಿಗೆ ಸ್ವಂತ ಫೋನ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ. ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಬೇಕು, ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್ ಎಲ್ಲ ನಿಮ್ಮ ಫೋನಿನಿಂದಲೇ ಹೇಳಬಹುದು. ಇಲ್ಲಿರುವ ಅಮ್ಮನ ಅಕೌಂಟಿನಿಂದ ಮಾಡಿ. ಗೂಗಲ್ ಕುಟುಂಬದ ಗುಂಪಿನಲ್ಲಿ ಎಲ್ಲರ ಅಕೌಂಟೂ ಒಂದೇ ದೇಶದ್ದಾಗಿರಬೇಕು, ಗಲ್ಫಿನ ಅಕೌಂಟಿನಿಂದ ಮಾಡಲು ಹೋದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ನಿಮ್ಮ ಫೋನನ್ನೇ ಕೊಡುವುದಾದರೆ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಆ್ಯಪ್ ಪಿನ್ನಿಂಗ್ ಹುಡುಕಿ. ಬಿಡಿಸಲು ಪಿನ್ ಕೇಳುವ ಆಯ್ಕೆಯ ಜೊತೆ ಅದನ್ನು ಹಾಕಿದರೆ ಪಿನ್ ಇಲ್ಲದೆ ಮಗು ಗೇಮ್ ಬಿಟ್ಟು ವಾಟ್ಸಾಪ್, ಜೀಪೇಗೆ ಹೋಗಲು ಆಗುವುದಿಲ್ಲ.

ಹೊತ್ತನ್ನು ನಿಮಿಷದಲ್ಲಿ ಅಲ್ಲ, ಪಂದ್ಯದಲ್ಲಿ ಅಳೆಯಿರಿ. ಫ್ರೀ ಫೈರ್‌ನ ಒಂದು ಪಂದ್ಯ ಸುಮಾರು ಹತ್ತು ನಿಮಿಷ, ಬಿಜಿಎಂಐಯದ್ದು ಅರ್ಧ ಗಂಟೆ. ನಾಲ್ವರ ತಂಡದಲ್ಲಿ ಆಡುವಾಗ ನಡುವೆ ಫೋನ್ ಕಿತ್ತರೆ ಉಳಿದ ಮೂವರೂ ಸೋಲಬಹುದು, ಅದರ ಬೈಗುಳ ಮರುದಿನ ಕ್ಲಾಸಿನಲ್ಲಿ ಸಿಗುತ್ತದೆ. "ಎರಡು ಪಂದ್ಯ, ಆಮೇಲೆ ಊಟ" ಎಂದು ಮೊದಲೇ ಹೇಳಿ. ಎರಡನೆಯದು ಮುಗಿದಾಗ ಪಕ್ಕದಲ್ಲಿ ಇರಿ.

ಒಂದು ಗೇಮ್ ನಿಲ್ಲಿಸಬೇಕಾದರೆ ಏಕಾಏಕಿ ಅಳಿಸಬೇಡಿ. ಕಾರಣ ಹೇಳಿ, ಬದಲಿಗೆ ಯಾವುದು ಎಂದು ಇಬ್ಬರೂ ಹುಡುಕಿ, ಒಂದು ದಿನ ಗೊತ್ತು ಮಾಡಿ. ಅದರಲ್ಲಿ ತಿಂಗಳುಗಟ್ಟಲೆ ಸೇರಿಸಿದ್ದು ಅವನಿಗೆ ಆಸ್ತಿಯೇ.

10. ಕೈ ಮೀರಿದೆ ಅನಿಸಿದರೆ

ರಜೆಯಲ್ಲಿ ಎರಡು ದಿನ ಜಾಸ್ತಿ ಆಡಿದ್ದಕ್ಕೆ ಚಟ ಎನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಹೇಳುವ ಲಕ್ಷಣ ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಊಟ-ನಿದ್ದೆ-ಶಾಲೆಗಿಂತ ಆಟವೇ ಮುಂದೆ ಬರುವುದು, ತೊಂದರೆ ಆಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು. ಸಾಮಾನ್ಯವಾಗಿ ಹನ್ನೆರಡು ತಿಂಗಳು ಹೀಗಿದ್ದರೆ ಮಾತ್ರ ವೈದ್ಯರು ಹಾಗೆ ಗುರುತಿಸುತ್ತಾರೆ. ಸಹಾಯ ಕೇಳಲು ಮಾತ್ರ ಅಷ್ಟು ಕಾಯಬೇಕಾಗಿಲ್ಲ.

ಕೇರಳ ಪೊಲೀಸರು ಡಿ-ಡ್ಯಾಡ್ ಎಂಬ ಡಿಜಿಟಲ್ ಚಟ ಬಿಡಿಸುವ ಕೇಂದ್ರಗಳನ್ನು ನಡೆಸುತ್ತಾರೆ, ಕಣ್ಣೂರಿನಲ್ಲೂ ಒಂದಿದೆ. ಪೊಲೀಸ್ ಎಂದು ಹೆದರಬೇಡಿ, ಅಲ್ಲಿ ಮಾತಾಡುವವರು ಮನಶ್ಶಾಸ್ತ್ರ ಕಲಿತವರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ 2014ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056. ಗೇಮಿನಲ್ಲಿ ಸಿಕ್ಕವರು ಮಗುವನ್ನು ಹೆದರಿಸುತ್ತಿದ್ದರೆ, ಫೋಟೋ ಕೇಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಕರೆ ಮಾಡುವ ಮೊದಲು ಆ ಮೆಸೇಜ್‌ಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಗೇಮಿನ ಹೆಸರು, ಆ ಕಡೆಯವರ ಐಡಿ, ದಿನಾಂಕ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.